ಕಪ್ಪು ಪರದೆಯ ಮೇಲೆ ಎರಡು ತುಟಿ

"ಎರಡೂವರೆ ಗಂಟೆ ಗ್ರಹಗಳನ್ನ ಸಿಡಿಸಿದರು, ಸಹಿಸಿಕೊಂಡೆ. ಗಾಳಿಯೇ ಇಲ್ಲದ ಕಡೆ ಬೆಂಕಿ ಧಗಧಗ ಉರೀತು, ಅದನ್ನೂ ಸಹಿಸಿಕೊಂಡೆ. ಆದರೆ ಆ ಕ್ಯಾಪ್ಟನ್ ಹೆಂಗಸಿನ ಸ್ವರ ಇದೆಯಲ್ಲ... ಪ್ರೀತಿಸಿದವನು ಕಣ್ಣೆದುರು ಸಾಯ್ತಿದ್ದಾನೆ, ಇವಳು ರೈಲು ತಡವಾಗಿದೆ ಅನ್ನೋ ಹಾಗೆ 'ಸಂಜೆ ಸಿಗೋಣ' ಅಂತಾಳೆ."

"ಮೆಲ್ಲಗೆ ಮಾತಾಡೋ. ಹೋದ ವಾರದ ಕಾರಿನ ಚಿತ್ರಕ್ಕೂ ಹೀಗೇ ಬೈದೆ."

"ಅದು ಇದಕ್ಕಿಂತ ವಾಸಿ ಅಕ್ಕ. ಅದರಲ್ಲಿ ಕಾರುಗಳಿಗಾದರೂ ಜೀವ ಇತ್ತು."

ಬರ್ಲಿನ್ನಿನ ಆ ಚಿತ್ರಮಂದಿರದ ಮೆಟ್ಟಿಲ ಮೇಲೆ ಗೇಸಾ ನಿಂತುಬಿಟ್ಟಳು.

ಆ ಹೆಂಗಸಿನ ಸ್ವರ ಅವಳದೇ. ಪರದೆಯ ಮೇಲಿನ ಅಮೆರಿಕದ ನಟಿಗೆ ವರ್ಷಗಳಿಂದ ಜರ್ಮನ್ ಮಾತು ಕೊಡುತ್ತಿದ್ದವಳು ಅವಳು. ಹೊಸ ಚಿತ್ರ ಬಿಡುಗಡೆಯಾದ ಗುರುವಾರ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಬಂದು ಜನರ ನಡುವೆ ಕೂರುತ್ತಿದ್ದಳು. ಇವತ್ತು ಮಾತ್ರ ಕೊನೆಯ ದೃಶ್ಯದಲ್ಲಿ ಕುರ್ಚಿಯ ಕೆಳಗೆ ನುಸುಳಿ ಅವಿತುಕೊಳ್ಳುವಂತಾಗಿತ್ತು.

ಅದಕ್ಕಿಂತ ಕೆಟ್ಟದ್ದೆಂದರೆ, ಈಗ ಬೈಯುತ್ತಿರುವ ಸ್ವರವೂ ಅವಳಿಗೆ ಗೊತ್ತು. ಅದೇ ನಟಿಯ ನಾಯಕನಿಗೆ ಜರ್ಮನ್ ಮಾತು ಕೊಡುವ ಹೆನ್ನಿಂಗ್‌ನದು, ಐದು ಚಿತ್ರಗಳಲ್ಲಿ ಹೆಡ್‌ಫೋನಿನೊಳಗಿಂದ ಅವಳನ್ನು ಪ್ರೀತಿಸಿದ ಸ್ವರ ಅದು. ಡಬ್ಬಿಂಗ್ ಕೋಣೆಗೆ ಒಬ್ಬೊಬ್ಬರನ್ನೇ, ಬೇರೆಬೇರೆ ದಿನ ಕರೆಯುತ್ತಿದ್ದರು. ಹಾಗಾಗಿ ಅವನ ಮುಖವನ್ನು ಅವಳು ಎಂದೂ ನೋಡಿರಲಿಲ್ಲ.

ಗೇಸಾ ತಿರುಗಿದಳು. ನಲವತ್ತು ದಾಟಿದ ಗಂಡಸು. ಗಡ್ಡದಲ್ಲಿ ಪಾಪ್‌ಕಾರ್ನಿನ ಚೂರು.

"ಇನ್ನೊಂದು ಸಲ ಹೇಳಿ, ಹೆನ್ನಿಂಗ್ ಅವರೇ. ರೈಲು ಎಷ್ಟು ತಡ ಅಂದಿರಿ?"

ಅವಳ ಸ್ವರ ಕೇಳಿದ್ದೇ ಅವನ ಮುಖ ಬಿಳಿಚಿಕೊಂಡಿತು.

"ಗೇಸಾ?"

ಅವನ ಅಕ್ಕ ಇಬ್ಬರನ್ನೂ ನೋಡಿದಳು. "ನೀನೇ ಮಾಡಿಕೊಂಡಿದ್ದು, ನೀನೇ ಅನುಭವಿಸು," ಎಂದು ಕೋಟಿನ ಗುಂಡಿ ಹಾಕಿಕೊಂಡು ಹೊರಟೇಹೋದಳು.

"ನಾನು ಹೇಳಿದ್ದು... ಅಂದರೆ, ಒಟ್ಟಾರೆ ಚಿತ್ರದ ಬಗ್ಗೆ..."

"ಇಲ್ಲ, ನನ್ನ ಬಗ್ಗೆ. ಸರಿಯಾಗೇ ಹೇಳಿದಿರಿ." ಎಂದಳು ಗೇಸಾ. "ನೀವು ಸಾಯ್ತೀರಿ ಅಂತ ನನಗೆ ಯಾರೂ ಹೇಳಿರಲಿಲ್ಲ."

"ಏನು?"

"ಕಥೆ ಸೋರಿಹೋಗಬಾರದಂತೆ. ನಿಮ್ಮ ಮಾತು ಇನ್ನೂ ಮುದ್ರಣವಾಗಿರಲಿಲ್ಲ. ಡಬ್ಬಿಂಗ್ ಕೋಣೆಯ ಪರದೆ ಪೂರ್ತಿ ಕಪ್ಪು. ಮಾತಾಡೋವಾಗ ಆ ನಟಿಯ ಎರಡು ತುಟಿ ಮಾತ್ರ ಕಾಣ್ತಿತ್ತು. ಅವಳೂ ಆ ಮಾತನ್ನ ಸಪ್ಪೆಯಾಗೇ ಆಡಿದ್ದಾಳೆ. ಮಾಮೂಲಿ ಬೀಳ್ಕೊಡುಗೆ ಅಂದುಕೊಂಡೆ. ಇವತ್ತು ನೋಡ್ತೀನಿ, ನೋವೆಲ್ಲ ಅವಳ ಕಣ್ಣಲ್ಲಿದೆ. ಆ ಕಣ್ಣನ್ನೇ ನನಗೆ ತೋರಿಸಲಿಲ್ಲ."

ಇಲ್ಲಿ ಅವನು ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಗಲಿಬಿಲಿಗೊಂಡ ಗಂಡಸರು ಸುಮ್ಮನಿರುವುದು ಅಪರೂಪ.

"ಕೇಳಬಹುದಿತ್ತಲ್ಲ," ಎಂದ.

"ಯಾರನ್ನ? ತುಟಿಗಳನ್ನಾ?"

ಅವಳು ಎದುರಿಗೆ ಬಂದ ಟ್ರಾಮ್ ಹತ್ತಿಬಿಟ್ಟಳು. ಅದು ಅವಳ ಮನೆಯ ಕಡೆ ಹೋಗುವುದಲ್ಲವೆಂದು ತಿಳಿದದ್ದು ಎರಡು ನಿಲ್ದಾಣ ದಾಟಿದ ಮೇಲೆ. ಇಳಿದು, ತನ್ನ ಮೇಲೇ ರೇಗುತ್ತಾ ವಾಪಸು ನಡೆದಳು.

ಚಿತ್ರ ಕಸ ಎಂದು ನಾಳೆ ಪತ್ರಿಕೆಗಳು ಬರೆದರೂ ತನಗೆ ಏನೂ ಅನ್ನಿಸುವುದಿಲ್ಲ. ಈ ಮನುಷ್ಯನ ಒಂದು ಮಾತು ಯಾಕೆ ಹೀಗೆ ಚುಚ್ಚಬೇಕು? ಉತ್ತರ ಅವಳಿಗೆ ಗೊತ್ತಿತ್ತು. ಪ್ರತಿ ಸಲ ಕೆಲಸ ಮುಗಿದ ಮೇಲೂ ಆ ಸ್ವರ ಕೇಳುತ್ತಾ ಹೆಡ್‌ಫೋನ್ ತೆಗೆಯದೆ ಕೂತವಳು ಅವಳೇ ಅಲ್ಲವೇ? ಆ ಸ್ವರ ಸಾಯುವಾಗ ತಾನು ಸಂಜೆ ಸಿಗೋಣ ಅಂದಿದ್ದಳು. ಅದು ಹಾಗೇ ಉಳಿದುಹೋಗುತ್ತದೆ, ಎಂದೆಂದಿಗೂ.

ಹಾಗಾಗಲು ಬಿಡಬಾರದು.

ಬೆಳಿಗ್ಗೆ ಡಬ್ಬಿಂಗ್ ನಿರ್ದೇಶಕಿ ಡೋರ್ಟೆಗೆ ಫೋನ್ ಮಾಡಿ, ಆ ಮಾತನ್ನು ಮತ್ತೆ ಮುದ್ರಿಸಲು ಅವಕಾಶ ಕೇಳಿದಳು.

"ಒಂದು ವಾಕ್ಯಕ್ಕಾ ಗೇಸಾ? ಜನ ಬರೋದು ನೌಕೆಗಳು ಢೀ ಹೊಡೆಯೋದು ನೋಡೋಕೆ. ಯಾರೂ ಗಮನಿಸಿಲ್ಲ."

"ಒಬ್ಬರು ಗಮನಿಸಿದ್ದಾರೆ."

"ಹೂಂ, ಗೊತ್ತು. ಆ ಒಬ್ಬರು ನಿನ್ನೆಯಿಂದ ನನ್ನ ಫೋನಿಗೆ ಬಿಡುವೇ ಕೊಟ್ಟಿಲ್ಲ. ನಿನಗೆ ಕಥೆ ಹೇಳಲಿಲ್ಲ ಅಂತ ನನಗೆ ಬೈಗುಳ. ಮನೆಯಲ್ಲಿ ನೋಡೋ ಪ್ರತಿಗೆ ಸ್ವರ ಬದಲಾಯಿಸೋಕೆ ಅಪ್ಪಣೆ ಸಿಕ್ಕಿದೆ. ಮಂಗಳವಾರ ಬಾ. ಅರ್ಧ ಗಂಟೆ, ಅಷ್ಟೇ."

ಮಂಗಳವಾರ ಡಬ್ಬಿಂಗ್ ಕೋಣೆಯ ಬಾಗಿಲು ತೆರೆದರೆ, ಮೈಕಿನ ಪಕ್ಕದ ಸ್ಟೂಲಿನ ಮೇಲೆ ಹೆನ್ನಿಂಗ್ ಕೂತಿದ್ದ.

"ನೀವು ಯಾಕೆ ಬಂದಿರಿ?"

"ಸಾಯೋಕೆ."

ಗಾಜಿನ ಆಚೆಯಿಂದ ಡೋರ್ಟೆ ಗದರಿದಳು. "ಒಬ್ಬೊಬ್ಬರೇ ಇರಬೇಕು ಅಂತ ನಾಲ್ಕು ಸಲ ಹೇಳಿದೆ. ಎದ್ದು ಹೋಗ್ತಾನಾ ನೋಡು. ಶುರು ಮಾಡಿ ಮಾರಾಯರೇ, ನನ್ನ ಊಟ ಆರ್ತಿದೆ."

ಈ ಸಲ ಪರದೆಯ ಮೇಲೆ ಇಡೀ ಮುಖವಿತ್ತು. ಹೆನ್ನಿಂಗ್ ತನ್ನ ಕೊನೆಯ ಮಾತನ್ನು, ಪಕ್ಕದವಳಿಗಷ್ಟೇ ಕೇಳುವಂತೆ, ಉಸಿರಿನಲ್ಲೇ ಹೇಳಿದ. ಗೇಸಾ ಪರದೆಯನ್ನು ಬಿಟ್ಟು ಅವನನ್ನು ನೋಡಿದಳು. ಮತ್ತೆ ತುಟಿಗಳತ್ತ ತಿರುಗಿ, ಸಂಜೆ ಸಿಗೋಣ ಎಂದಳು. ಅಷ್ಟೇ ಮೆಲ್ಲಗೆ, ಅಷ್ಟೇ ಚಿಕ್ಕದಾಗಿ. ಅಂಥ ಸಂಜೆ ಬರುವುದಿಲ್ಲ ಎಂದು ಗೊತ್ತಿರುವವಳ ಹಾಗೆ.

"ಆಯ್ತು," ಎಂದಳು ಡೋರ್ಟೆ. ಅವಳ ಸ್ವರ ಒದ್ದೆಯಾಗಿತ್ತು. "ಇಬ್ಬರೂ ಹೊರಗೆ ಹೋಗಿ."

ಓಣಿಯಂಥ ಹಜಾರದಲ್ಲಿ ಇಬ್ಬರೂ ಗೋಡೆಗೆ ಒರಗಿ ನಿಂತರು.

"ಐದು ಚಿತ್ರಗಳಲ್ಲಿ ನಿನಗೆ ಪ್ರೀತಿ ಹೇಳಿದ್ದೀನಿ," ಎಂದ ಹೆನ್ನಿಂಗ್. "ಒಂದು ಸಲವೂ ನೀನು ಆ ಕೋಣೆಯಲ್ಲಿರಲಿಲ್ಲ. ಗುರುವಾರ ನಾನು ಚಿತ್ರ ನೋಡೋಕೆ ಬಂದಿರಲಿಲ್ಲ ಗೇಸಾ. ಸಾಯೋವಾಗ ನೀನು ಏನಂತೀಯ ಅಂತ ಕೇಳೋಕೆ ಬಂದಿದ್ದೆ. ಅದಕ್ಕೇ ಅಷ್ಟು ಸಿಟ್ಟು."

"ಅದನ್ನ ಊರಿಗೆಲ್ಲ ಕೇಳೋ ಹಾಗೆ ಹೇಳಬೇಕಿತ್ತಾ?"

"ತಪ್ಪಾಯ್ತು."

"ಹೋಗಲಿ. ಈಗ ನನಗೊಬ್ಬಳಿಗೇ ಕೇಳೋ ಹಾಗೆ ಹೇಳು."

"ನನಗೆ ನೀನು... ಅಂದರೆ, ನಾನು ಇಷ್ಟು ದಿನ..."

"ದೇವರೇ. ಪರದೆಯ ಮೇಲೆ ಎಷ್ಟು ಚೆನ್ನಾಗಿ ಹೇಳ್ತಿದ್ದೆ."

"ಅಲ್ಲಿ ಬರೆದುಕೊಡ್ತಿದ್ದರು."

ಗೇಸಾ ನಕ್ಕಳು. ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

"ನಿಧಾನಕ್ಕೆ ಹೇಳು. ನಾನಿಲ್ಲೇ ಇದ್ದೀನಿ."