ಓಬಳೇಶ್ ಬಿಚ್ಚಿಸಿದ ಹೊಲಿಗೆ

“ಇದನ್ನ ಬಿಚ್ಚಬೇಕು ಮೇಡಂ,” ಎಂದ ಓಬಳೇಶ್.

ರಕ್ಷಾ ಸೂಜಿಯನ್ನು ಹಲಗೆಗೆ ಚುಚ್ಚಿ ನಿಲ್ಲಿಸಿದಳು. ಬೆಳಗಿನಿಂದ ಕೂತು ಹಾಕಿದ ಹೊಲಿಗೆ ಅದು. ಸಬ್ ಇನ್ಸ್‌ಪೆಕ್ಟರ್ ರಕ್ಷಾ ಹುಬ್ಬು ಗಂಟಿಕ್ಕಿದರೆ ಠಾಣೆಯಲ್ಲಿ ಪೇದೆಗಳು ಟೀ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ಈ ಮನುಷ್ಯ ಮಾತ್ರ ಅದೇ ಹುಬ್ಬು ನೋಡಿಕೊಂಡೇ ಬ್ಲೇಡು ಎತ್ತಿಕೊಂಡ.

“ಯಾಕ್ರೀ? ನೆಟ್ಟಗೇ ಇದೆಯಲ್ಲ.”

“ಈ ಕಡೆ ನೆಟ್ಟಗೈತೆ. ಆ ಕಡೆ ತಿರುಗ್ಸಿ ನೋಡಿ.”

ತಿರುಗಿಸಿದಳು. ಕುಡಿದವನು ನಡೆದು ಹೋದ ಹಾದಿಯಂತಿತ್ತು. ಅವನು ಹೇಳಿದ್ದು ನಿಜ ಎಂಬುದೇ ಅವಳನ್ನು ಇನ್ನಷ್ಟು ರೇಗಿಸಿತು.

ಅಂಗಡಿಯಲ್ಲಿ ಸಿಗುವ, ಪಿಸ್ತೂಲು ಸಿಕ್ಕಿಸಿಕೊಳ್ಳುವ ಚರ್ಮದ ಹೋಲ್‌ಸ್ಟರ್‌ಗಳೆಲ್ಲ ಗಂಡಸರ ಸೊಂಟಕ್ಕೆ ಹೊಲಿದಂಥವು. ಜೀಪಿನಲ್ಲಿ ಕೂತರೆ ಪಿಸ್ತೂಲಿನ ಹಿಡಿ ಪಕ್ಕೆಗೆ ಚುಚ್ಚುತ್ತಿತ್ತು. ಮಧುಗಿರಿಯಲ್ಲಿ ಬೆಲ್ಟು, ಬ್ಯಾಗು ಹೊಲಿಯುವ ಓಬಳೇಶ್ ಇದ್ದಾನೆಂದು ಯಾರೋ ಹೇಳಿದ್ದರಿಂದ ಇಲ್ಲಿಗೆ ಬಂದಿದ್ದಳು. “ಇಂಥದ್ದು ಮಾಡಿಲ್ಲ, ನೋಡಾಣ,” ಎಂದಿದ್ದ. ಅವನು ಹೊಲಿದುಕೊಟ್ಟ ಮೊದಲನೆಯದರೊಳಗೆ ಪಿಸ್ತೂಲು ಹೋಗಿ ಕೂತದ್ದು ಹೊರಗೆ ಬರಲಿಲ್ಲ. ಎರಡು ಕೈಯಲ್ಲಿ ಎಳೆಯುತ್ತಿದ್ದ ಅವಳನ್ನು ನೋಡಿ ನಕ್ಕುಬಿಟ್ಟ. ಅವಳಿಗೆ ಸಿಟ್ಟು ನೆತ್ತಿಗೇರಿತು.

“ಬಿಡ್ರೀ, ನಾನೇ ಹೊಲ್ಕೊತೀನಿ. ಕಲಿಸಿ ಸಾಕು.”

ಹಾಗೆ ಶುರುವಾಯಿತು. ರಜೆ ಸಿಕ್ಕಾಗಲೆಲ್ಲ ಅವಳು ಬರುತ್ತಿದ್ದಳು. ಅವಳ ಪಿಸ್ತೂಲಿನ ಅಳತೆಗೆ ಅವನು ಮರದ ಅಚ್ಚೊಂದನ್ನು ಕೆತ್ತಿದ. ಚರ್ಮ ನೆನೆಸಿ ಅಚ್ಚಿನ ಮೇಲೆ ಹೊದಿಸಿ, ಇಬ್ಬರೂ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಅವನ ಬೆರಳು ಅವಳ ಬೆರಳಿಗೆ ತಾಗುವ ಹೊತ್ತಿಗೆ ಹಿಂದೆ ಸರಿದುಬಿಡುತ್ತಿತ್ತು.

ಸೊಂಟದ ಅಳತೆ ಬೇಕಾದ ದಿನ ದಾರವನ್ನು ಅವಳ ಕೈಗೆ ಕೊಟ್ಟು, “ನೀವೇ ಸುತ್ಕೊಳ್ಳಿ,” ಎಂದು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ನಿಂತಿದ್ದ. ಅವನ ಕಿವಿ ಕೆಂಪಗಾಗಿತ್ತು. ಅಂದಿನಿಂದ ಅವಳ ಕಣ್ಣು ಹೊಲಿಗೆಗಿಂತ ಆ ಕಿವಿಯ ಮೇಲೇ ಹೆಚ್ಚು. ಸಾಲು ಸೊಟ್ಟಗಾಗುವುದಕ್ಕೆ ಕಾರಣ ಅದೇ ಎಂದು ಹೇಳಲಾದೀತೇ?

“ನಿಜ ಹೇಳಿ,” ಎಂದಳು ಈಗ. “ನಾನು ಬರ್ತಾ ಇರ್ಲಿ ಅಂತಾನೇ ಬಿಚ್ಚಿಸ್ತಿದೀರ ತಾನೆ?”

ಅವನು ಗಾಬರಿಯಿಂದ ತಲೆಯೆತ್ತಿದ. “ಇಲ್ಲ ಮೇಡಂ. ನೀವು ಯಾರ ಹಿಂದಾದ್ರೂ ಓಡೋವಾಗ ಹೊಲಿಗೆ ಬಿಟ್ಕೊಂಡ್ರೆ ಪಿಸ್ತೂಲು ಬಿದ್ದೋಗ್ತದೆ. ನಿಮ್ಮ ಪ್ರಾಣದ ವಿಷ್ಯ.”

ಹೌದು ಅಂದಿದ್ದರೆ ಏನು ಗಂಟು ಹೋಗುತ್ತಿತ್ತು ಇವನಿಗೆ? ರಕ್ಷಾ ಹಲ್ಲು ಕಚ್ಚಿಕೊಂಡು ದಾರ ಬಿಚ್ಚಿದಳು.

ಕೊನೆಗೊಂದು ಮಧ್ಯಾಹ್ನ ಹೋಲ್‌ಸ್ಟರ್ ಮುಗಿಯಿತು. ಕಟ್ಟಿಕೊಂಡು ಕೂತಳು, ಎದ್ದಳು, ರಸ್ತೆಯ ತುದಿಯವರೆಗೆ ಓಡಿ ಬಂದಳು. ಎಲ್ಲೂ ಚುಚ್ಚಲಿಲ್ಲ, ಜಾರಲಿಲ್ಲ. ಓಬಳೇಶ್ ಸಾಲಿನ ಮೇಲೆ ಬೆರಳಾಡಿಸಿ ತಲೆದೂಗಿದ.

“ಇನ್ನು ಕಲಿಸೋದೇನೂ ಉಳಿದಿಲ್ಲ ಮೇಡಂ.”

“ಅಷ್ಟೇನಾ?”

“ಅಷ್ಟೇ,” ಎಂದವನೇ ಪೊರಕೆ ಹಿಡಿದು ಚರ್ಮದ ಚೂರು ಗುಡಿಸತೊಡಗಿದ.

ಅವಳು ಹೊರಗೆ ಹೋಗಿ ಸ್ಕೂಟರ್ ಸ್ಟಾರ್ಟ್ ಮಾಡಿದಳು, ಆಫ್ ಮಾಡಿದಳು, ಮತ್ತೆ ಒಳಗೆ ಬಂದಳು.

“ನಿಮಗೆ ಎಲ್ಲಾನೂ ಬಾಯಿಬಿಟ್ಟೇ ಹೇಳ್ಬೇಕೇನ್ರೀ? ನಂಗೆ ನೀವು ಬೇಕು.”

ಪೊರಕೆ ನಿಂತಿತು. ಅವನು ಅದನ್ನು ಗೋಡೆಗೆ ಒರಗಿಸಿದ.

“ಗೊತ್ತಿತ್ತು,” ಎಂದ ಮೆಲ್ಲಗೆ. “ನನಗೂ ಅಂಗೇ ಐತೆ. ಆದ್ರೆ ನಿಮ್ಮದು ದೊಡ್ಡೇರಿ ಕಡೆ ಒಕ್ಕಲು ಮನೆ. ನಾವು ಚರ್ಮದ ಕೆಲಸದೋರು. ನಮ್ಮಪ್ಪ ಇವತ್ತಿಗೂ ನಿಮ್ಮ ಕಡೆ ಯಾರ ಮನೆಗೋದ್ರೂ ಜಗಲಿ ಹತ್ತಲ್ಲ. ಹೇಳಿ ನಿಮಗ್ಯಾಕೆ ತೊಂದ್ರೆ ಅಂತ ಸುಮ್ಕಿದ್ದೆ.”

“ಅದನ್ನ ನೀವೊಬ್ರೇ ತೀರ್ಮಾನ ಮಾಡ್ಬುಟ್ರಾ? ನನ್ನ ಒಂದು ಮಾತು ಕೇಳ್ದೆ?” ಅವಳು ಅವನೆದುರು ಬಂದು ನಿಂತಳು. “ಅಮ್ಮಂಗೆ ಎಲ್ಲಾ ಹೇಳಿದೀನಿ. ನಿಮ್ಮ ಹೆಸರು, ಮನೆ, ಕೆಲಸ.”

“ಏನಂದ್ರು?”

“ಮಾತು ಬಿಟ್ಟಿದ್ರು. ನಾನೂ ಹಠ ಬಿಡ್ಲಿಲ್ಲ. ನೆನ್ನೆ ಅವರೇ ಫೋನ್ ಮಾಡಿ, ಆ ಹುಡುಗ ಮುದ್ದೆ ಉಣ್ತಾನಾ ಅಂತ ಕೇಳಿದ್ರು. ನಡುಮನೇಲಿ ಕೂರಿಸಿ ಬಡಿಸ್ತಾರಂತೆ.”

ಓಬಳೇಶ್ ಸ್ಟೂಲಿನ ಮೇಲೆ ಕೂತ. ಅವನ ಕಣ್ಣು ತುಂಬಿದ್ದನ್ನು ಕಂಡು, ಬಯ್ಯಲೆಂದು ಅವಳು ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯಿತು. ಅವನ ಪಕ್ಕದಲ್ಲಿ ನೆಲದ ಮೇಲೇ ಕೂತು, ದಾರದ ಮೇಣ ಮೆತ್ತಿದ ಅವನ ಕೈ ಹಿಡಿದಳು. ಈ ಸಲ ಆ ಬೆರಳುಗಳು ಹಿಂದೆ ಸರಿಯಲಿಲ್ಲ.

“ಉಣ್ತೀನಿ ರಕ್ಷಾ,” ಎಂದ. ಸ್ವಲ್ಪ ತಡೆದು ಕೇಳಿದ, “ಅಪ್ಪನ್ನೂ ಕರ್ಕೊಂಡು ಬರ್ಲಾ?”

“ಅವ್ರನ್ನ ಬಿಟ್ಟು ಬಂದ್ರೆ ನಾನೇ ಬಾಗಿಲು ತೆಗೆಯಲ್ಲ,” ಎಂದಳು ರಕ್ಷಾ.