ಮೂರನೇ ತಂತಿಯ ಸ್ಕ್ರೂ

ಹಾಡು ಅರ್ಧಕ್ಕೇ ನಿಂತಿತು. ವಾದಕಿ ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದು, ತಂತಿಗಳ ಕೆಳಗಿನ ಎರಡು ಪಿಕಪ್ಪುಗಳಲ್ಲಿ ಒಂದನ್ನು ದಿಟ್ಟಿಸಿದಳು. ತಂತಿಯ ನಾದ ಹಿಡಿದು ಸ್ಪೀಕರಿಗೆ ಕಳಿಸುವ ಪುಟ್ಟ ಪೆಟ್ಟಿಗೆ ಅದು. ಮೇಲೆ ತಂತಿಗೊಂದರಂತೆ ಆರು ಸ್ಕ್ರೂ. ಮೂರನೆಯದು ಅವಳಪ್ಪನ ಕಾಲದಿಂದಲೂ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಈಗ ನೋಡಿದರೆ ಆರೂ ಫಳಫಳ.

"ಇದು ನನ್ನದಲ್ಲ," ಅಂದಳು.

ಗಿಟಾರ್ ಅವಳದೇ. ಪಿಕಪ್ ಮಾತ್ರ ಯಾರೋ ಎಗರಿಸಿದ್ದರು. ಎರಡಕ್ಕೆ ಎರಡೂ. ಆ ಜಾಗದಲ್ಲಿ, ಸ್ಕ್ರೂ ಬಿಟ್ಟು ಉಳಿದದ್ದನ್ನು ಉಜ್ಜಿ ಹಳತು ಮಾಡಿದ ನಕಲಿ ಕೂತಿದ್ದವು.

*

ಇನ್ಸ್‌ಪೆಕ್ಟರಿಗೆ ಗಿಟಾರಿನ ಗಂಧಗಾಳಿ ಇರಲಿಲ್ಲ. ಹಾಗಂತ ಹೇಳಿಕೊಳ್ಳಲು ಆಕೆಗೆ ನಾಚಿಕೆಯೂ ಇರಲಿಲ್ಲ.

"ನಿಧಾನಕ್ಕೆ ಹೇಳಮ್ಮ. ಯಾರ್ಯಾರ ಕೈಗೆ ಹೋಗಿತ್ತು?"

"ಇಬ್ಬರ ಕೈಗೆ. ಭುಜ ನೋಯ್ತಿತ್ತು, ಇದನ್ನ ಮಾರಿ ಹಗುರದ್ದು ತಗೊಳ್ಳೋಣ ಅಂತಿದ್ದೆ. ಗಿಟಾರ್ ಮೇಷ್ಟ್ರು ಎರಡು ದಿನ ಬಾರಿಸಿ ನೋಡ್ತೀನಿ ಅಂತ ಒಯ್ದ್ರು. ಹಿಡಿಸಲಿಲ್ಲ ಅಂತ ವಾಪಸ್ ಕೊಟ್ರು. ಗಿಟಾರಿನ ಕೇಸ್ ಕೂಡ ತೆರೆದು ನೋಡದೆ ದೊಡ್ಡಪ್ಪನ ರಿಪೇರಿ ಅಂಗಡಿಗೆ ಕಳಿಸಿದೆ, ತಂತಿಯ ಎತ್ತರ ಸರಿಮಾಡೋಕೆ." ಅವಳ ದನಿ ಇಳಿಯಿತು. "ಒಳಗಿನ ಕೆಲಸ ಬರೋದು ದೊಡ್ಡಪ್ಪನಿಗೆ ಮಾತ್ರ. ಮೇಷ್ಟ್ರಿಗೆ ಬಾರಿಸೋದು ಬಿಟ್ರೆ ಇನ್ನೇನೂ ಬರಲ್ಲ."

"ಅಂದ್ರೆ ದೂರು ದೊಡ್ಡಪ್ಪನ ಮೇಲೆ?"

"ಗಿಟಾರ್ ಹಿಡಿಯೋದು ಹೇಳ್ಕೊಟ್ಟೋರೂ ಅವರೇ ಮೇಡಂ," ಅಂದವಳು ತಲೆ ತಗ್ಗಿಸಿಕೊಂಡೇ ಸಹಿ ಹಾಕಿದಳು.

*

ಸುದ್ದಿ ಆಗಲೇ ಬೀದಿ ತುಂಬ ಹರಡಿತ್ತು. ಗಿರಾಕಿಯೊಬ್ಬ ರಿಪೇರಿಗೆ ಕೊಟ್ಟ ವಯಲಿನ್ನನ್ನು, ಕೆಲಸ ಮುಗಿಯುವ ಮೊದಲೇ, ದೊಡ್ಡಪ್ಪನ ಮುಖ ನೋಡದೆ ಎತ್ತಿಕೊಂಡು ಹೋಗುತ್ತಿದ್ದ. ಬೆಳಗಿನಿಂದ ಅವನು ನಾಲ್ಕನೆಯವನು. ಇನ್ನೊಂದು ವಾರ ಹೀಗೇ ಆದರೆ ಮೂವತ್ತಾರು ವರ್ಷದ ಅಂಗಡಿಗೆ ಬೀಗ ಗ್ಯಾರಂಟಿ.

ಅಂಗಡಿಯೊಳಗೆ ಬಂದ ಇನ್ಸ್‌ಪೆಕ್ಟರ್ ಕೆಲಸದ ಮೇಜಿನ ಡ್ರಾಯರ್ ಎಳೆದಳು. ಒಳಗೆ ಹಳೇ ಪಿಕಪ್ ಎರಡು. ಸಿಕ್ಕಿಬಿದ್ದ ಮುದುಕ, ಅಂದುಕೊಂಡಳು.

ದೊಡ್ಡಪ್ಪ ಅವನ್ನು ಬೆರಳಲ್ಲೇ ಸವರಿದರು. "ಇವು ಬೇರೆ ಜಾತಿ. ಅಗಲ ಕಮ್ಮಿ. ಅವಳ ಗಿಟಾರಿನ ಕುಳಿಗೆ ಕೂರಲ್ಲ."

ಇನ್ಸ್‌ಪೆಕ್ಟರ್ ತಾನು ತಂದಿದ್ದ ಗಿಟಾರಿಗೆ ಹಿಡಿದು ನೋಡಿದಳು. ಕೂರಲಿಲ್ಲ. ಆಕೆಯ ಉತ್ಸಾಹ ಜರ್ರನೆ ಇಳಿಯಿತು.

"ಪಿಕಪ್ ಬದಲಾಯಿಸೋದು ಅಷ್ಟು ಕಷ್ಟವಾ?"

"ಇದು ಅರೆಟೊಳ್ಳು ಗಿಟಾರ್ ಮೇಡಂ. ನಡುವೆ ಗಟ್ಟಿ ಮರ, ಅಕ್ಕಪಕ್ಕ ಟೊಳ್ಳು. ಹಿಂದೆ ಬಾಗಿಲಿಲ್ಲ. ಬೆಸುಗೆ ಬಿಡಿಸಬೇಕಂದ್ರೆ ಒಳಗಿನ ವೈರಿಗೆಲ್ಲ ದಾರ ಕಟ್ಟಿ, ಮುಂದಿನ ಈ ಸಂದಿಯಿಂದ ಹೊರಗೆಳೀಬೇಕು. ಆಮೇಲೆ ಅದೇ ದಾರ ಹಿಡಿದು ಒಳಕ್ಕೆ. ತಾಳ್ಮೆ ಇದ್ರೆ ಯಾರು ಬೇಕಾದ್ರೂ ಕಲೀಬಹುದು."

"ಸ್ಕ್ರೂ ಹೊಳೀತಿದ್ದದ್ದು ಕಾಣಲಿಲ್ವಾ?"

"ಕಣ್ಣು ಮಂಜು. ನಂದು ಬೆರಳು, ಕಿವಿ ಇಷ್ಟರದ್ದೇ ಕೆಲಸ. ಮೂರನೇ ತಂತಿಯ ದನಿ ತಗ್ಗಿದ್ದು ಕೇಳಿಸ್ತು. ಸುಮ್ಮನಾದೆ."

"ಯಾಕೆ ಸುಮ್ಮನಾದ್ರಿ?"

"ಸ್ಕ್ರೂ ಎತ್ತಿದ್ರೆ ಆ ತಂತಿ ಜೋರು, ಇಳಿಸಿದ್ರೆ ಮೆತ್ತಗೆ. ಅದು ಬಾರಿಸೋರ ಕಿವಿಗೆ ಬಿಟ್ಟದ್ದು. ರಿಪೇರಿಯವನು ಕೈ ಹಾಕಬಾರದು. ಹೇಗೋ ತುಕ್ಕು ಬಿಡಿಸಿ ಅವಳೇ ಇಳಿಸ್ಕೊಂಡಿದ್ದಾಳೆ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಅಲ್ಲಿಂದಲೇ ವಾದಕಿಗೆ ಫೋನ್ ಮಾಡಿದಳು.

"ನಾನಾ? ಅದು ತಿರುಗೋದೇ ಇಲ್ಲ ಮೇಡಂ. ತುಕ್ಕು ಕಚ್ಚಿ ಕೂತಿದೆ."

"ಮೇಷ್ಟ್ರಿಗೆ ಕೊಟ್ಟಾಗ ಫೋಟೋ ಏನಾದ್ರೂ?"

"ಅವರ ಮನೆ ಬಾಗಿಲಲ್ಲೇ ತೆಗೆದೆ. ಗೀರು ಯಾರದು ಅಂತ ಆಮೇಲೆ ಜಗಳ ಆಗಬಾರದಲ್ಲ, ಮಾರೋರೆಲ್ಲ ತೆಗೀತಾರೆ. ವಾಪಸ್ ತಗೊಳ್ಳುವಾಗ ತೆಗೀಲಿಲ್ಲ. ಮೇಷ್ಟ್ರು, ದೊಡ್ಡವರು, ಅವರ ಮುಂದೆ ಹೇಗೆ ತೆಗೆಯೋದು?"

ಹೊರಗಿನ ದೊಡ್ಡವರ ಮುಂದೆ ಸಂಕೋಚ, ಸ್ವಂತ ದೊಡ್ಡಪ್ಪನ ಮೇಲೆ ಪೊಲೀಸ್ ದೂರು. ಚೆನ್ನಾಗಿದೆ ನ್ಯಾಯ, ಅಂದುಕೊಂಡಳು ಇನ್ಸ್‌ಪೆಕ್ಟರ್.

*

ಮೇಷ್ಟ್ರ ಕೋಣೆಯ ಗೋಡೆಗೆ ಐದು ಗಿಟಾರ್ ತೂಗುಹಾಕಿದ್ದವು. ಇನ್ಸ್‌ಪೆಕ್ಟರ್ ಆರನೆಯದನ್ನು ಅವರ ತೊಡೆಯ ಮೇಲಿಟ್ಟಳು.

"ನಿಮ್ಮ ಕಿವಿ ಬೇಕಿತ್ತು ಮೇಷ್ಟ್ರೇ. ರಿಪೇರಿಯವರು ಇದನ್ನ ಕೆಡಿಸಿಟ್ಟಿದ್ದಾರಂತೆ. ಮೂರನೇ ತಂತಿಗೆ ದನಿಯೇ ಇಲ್ಲ ಅಂತಾರೆ."

ಮೇಷ್ಟ್ರು ಮೀಟಿದರು. ಹುಬ್ಬು ಗಂಟಿಕ್ಕಿತು. "ಯಾವ ಕಿವುಡ ಹಾಗಂದಿದ್ದು? ಆರೂ ಸಮವಾಗಿದೆ. ಮೂರನೇದು ಕಿರುಚ್ತಿತ್ತು, ಸ್ಕ್ರೂ ಎರಡು ಸುತ್ತು ಇಳಿಸಿ ಹದಕ್ಕೆ ತಂದದ್ದು ನಾನು. ಆ ಮುದುಕನಿಗೆ ಇಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು?"

"ಇಲ್ಲಿದ್ದಾಗಲೇ ಇಳಿಸಿದ್ರಾ?"

"ಮತ್ತಿನ್ಯಾವಾಗ?"

"ಇದೇ ಸ್ಕ್ರೂ?"

"ಇದೇ."

ಇನ್ಸ್‌ಪೆಕ್ಟರ್ ಮೊಬೈಲ್ ಮುಂದೆ ಹಿಡಿದಳು. "ಇದು ನಿಮ್ಮ ಬಾಗಿಲಲ್ಲಿ ತೆಗೆದದ್ದು. ಮೂರನೇ ಸ್ಕ್ರೂ ಕಂದು. ಅಂದ್ರೆ ಹೊಸ್ತಿಲು ದಾಟುವಾಗ ಇದ್ದದ್ದು ಅಸಲಿ. ಅದು ವರ್ಷಗಟ್ಟಲೆ ತಿರುಗಿಲ್ಲ. ಈಗ ತೊಡೆ ಮೇಲಿರೋದು ನಕಲಿ. ನೀವು ತಿರುಗಿಸಿದ್ದು ಇದನ್ನೇ ಅಂತ ನೀವೇ ಹೇಳಿದ್ರಿ, ಅದೂ ಇದೇ ಮನೇಲಿ, ರಿಪೇರಿ ಅಂಗಡಿಗೆ ಹೋಗೋ ಮುಂಚೆ. ನಕಲಿ ಅಂತ ಕಿವಿಗೆ ಗೊತ್ತಾಗಬಾರದು ಅಂತ ಹದ ಮಾಡಿದ್ರಿ. ಆ ಕೆಲಸದ ಹೆಸರು ಇನ್ನೊಬ್ಬರಿಗೆ ಹೋಗೋದನ್ನ ಸಹಿಸಕ್ಕಾಗಲಿಲ್ಲ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಆಮೇಲೆ ಎದ್ದು, ಗೋಡೆಯ ಕಪ್ಪು ಗಿಟಾರನ್ನು ಇಳಿಸಿದರು. ಅದರಲ್ಲೊಂದು ಕಂದು ಸ್ಕ್ರೂ ಇತ್ತು.

"ಗಿಟಾರನ್ನೇ ಕೊಂಡ್ಕೋಬಹುದಿತ್ತಲ್ಲ?"

"ಅದರ ಮೈ ನನ್ನ ಕೈಗೆ ಒಗ್ಗಲಿಲ್ಲ. ದನಿ ಮಾತ್ರ ಬೇಕಿತ್ತು."

"ಆ ಮುದುಕನ ಗತಿ?"

ಮೇಷ್ಟ್ರು ಕಪ್ಪು ಗಿಟಾರಿನ ತಂತಿಗಳನ್ನು ಒಂದೊಂದಾಗಿ ಸಡಿಲಿಸತೊಡಗಿದರು.

*

ಪೊಲೀಸ್ ಕಾಗದಪತ್ರ ಮುಗಿದು ಪಿಕಪ್ ಕೈಗೆ ಬಂದ ದಿನ, ವಾದಕಿ ಒಬ್ಬಳೇ ಅಂಗಡಿಗೆ ಹೋಗಲಾರದೆ ಇನ್ಸ್‌ಪೆಕ್ಟರನ್ನೂ ಕರೆದುಕೊಂಡು ಬಂದಳು. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದ್ದರು. ದೊಡ್ಡಪ್ಪನ ಮುಖದಲ್ಲಿ ಮಾತ್ರ ಕಳೆ ಇರಲಿಲ್ಲ.

"ತಪ್ಪಾಯ್ತು ದೊಡ್ಡಪ್ಪ. ಇದನ್ನ ಹಾಕ್ಕೊಡ್ತೀರಾ?"

"ಇಲ್ಲಮ್ಮ."

ಅವಳ ಕಣ್ಣು ತುಂಬಿತು. ಗಿಟಾರ್ ಎತ್ತಿಕೊಂಡು ಬಾಗಿಲಿನತ್ತ ತಿರುಗಿದಳು.

"ಎಲ್ಲಿಗೆ ಹೊರಟೆ? ಕೂತ್ಕೋ." ಅವರು ತಮ್ಮ ಕುರ್ಚಿ ಬಿಟ್ಟೆದ್ದು, ದಾರದ ಉಂಡೆಯನ್ನು ಅವಳತ್ತ ಸರಿಸಿದರು. "ನಿನ್ನ ಗಿಟಾರ್ ಮುಟ್ಟೋಕೆ ಇನ್ಮೇಲೆ ನಂಗೆ ಭಯ ಆಗುತ್ತೆ. ನೀನೇ ಹಾಕು. ನಾನು ಪಕ್ಕದಲ್ಲಿರ್ತೀನಿ."