ಮೂರು ಬೀದಿ ಆಚೆ ನಿಲ್ಲಿಸಿದ ಕಾರು

೨೦೧೯ರ ಮೇ ೬, ಸೋಮವಾರ. ಬೆಳಗ್ಗೆ ಎಂಟಕ್ಕೆ ಟ್ರೆಂಟ್ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಅಂಗಿಯಿಂದ ಹೊಗೆಯ ವಾಸನೆ ಹೊಡೆಯುತ್ತಿತ್ತು. ಓಹಾಯೊದ ವೆಲ್ಡನ್ ಪಟ್ಟಣದಲ್ಲಿ ಗಂಡಸು ಗಂಡಸಿನ, ಹೆಂಗಸು ಹೆಂಗಸಿನ ಕೈ ಹಿಡಿದು ಕೂರಬಹುದಾದ ಬಾರ್ ಇದ್ದದ್ದು ಒಂದೇ, 'ಡಾಟೀಸ್'. ಒಡತಿ ಡಾಟಿ ಸತ್ತ ಮೇಲೆ ಅದನ್ನು ಕೊಂಡವನು ಟ್ರೆಂಟ್. ಅವನೂ ಅವರ ಪೈಕಿಯೇ. ವಾರದ ರಜೆ ನೋಡಿಕೊಂಡು ಯಾರೋ ಅದಕ್ಕೆ ಬೆಂಕಿ ಇಟ್ಟಿದ್ದರು.

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಮರ್ನಾ ಕೇಳಿದಳು.

"ಅನುಮಾನ ಏನ್ ಬಂತು ಮೇಡಂ? ಎದುರಿನ ಟೈರ್ ಅಂಗಡಿ ಗ್ಯಾರಿ. ಹೋದ ತಿಂಗ್ಳು ನಮ್ಮ ಗೋಡೆ ಮೇಲೆ ಹೊಲಸು ಗೀಚಿದೋನು ಅವನೇ."

ಎಫ್‌ಐಆರ್ ಆಯಿತು. ಮಧ್ಯಾಹ್ನದೊಳಗೆ ಊರಿಗೆ ಊರೇ ತೀರ್ಪನ್ನೂ ಕೊಟ್ಟುಬಿಟ್ಟಿತು. ಮೇಯರ್ ಸಾಹೇಬರು ಸಲಿಂಗಿಗಳ ಗುರುತಾದ ಕಾಮನಬಿಲ್ಲಿನ ಬಿಲ್ಲೆ ಚುಚ್ಚಿಕೊಂಡು ಟಿವಿಯವರ ಮುಂದೆ ನಿಂತರು. ಚುನಾವಣೆ ಹತ್ತಿರವಿತ್ತು, ಇಲ್ಲದಿದ್ದರೆ ಆ ಬೀದಿಗೆ ಅವರು ಯಾಕೆ ಬಂದಾರು!

ಪೇದೆ ರೂಬೆನ್ ಪಂಚನಾಮೆ ಬರೆದುಕೊಂಡ. ಬೆಂಕಿ ಹುಟ್ಟಿದ್ದು ಬೆಳಗ್ಗೆ ಆರರ ಸುಮಾರಿಗೆ, ಹೊಸ ದೊಡ್ಡ ಟಿವಿಯ ಕೆಳಗೆ, ಸೀಮೆಎಣ್ಣೆಯಿಂದ. ಮುಂದಿನ ಬಾಗಿಲ ಬೀಗ ಹಾಗೇ ಇತ್ತು. ಓಣಿಯ ಕಡೆಯ ಹಿಂಬಾಗಿಲು ತೆರೆದಿತ್ತು, ಮುರಿದಿರಲಿಲ್ಲ. ಅದರ ಕೀಲಿ ಗ್ಯಾಸ್ ಮೀಟರಿನ ಹಿಂದೆ ಮೊಳೆಗೆ ತೂಗಾಡುತ್ತಿರುತ್ತದೆಂಬುದು ಡಾಟಿಯ ಕಾಲದ ಗಿರಾಕಿಗಳಿಗೆಲ್ಲ ಗೊತ್ತು. ಟಿವಿಯ ಹಿಂದಿನ ಉಗ್ರಾಣದಲ್ಲಿ ಕರಕಲಾದ ಫೋಟೊ ಕಟ್ಟುಗಳ ರಾಶಿ ಬಿದ್ದಿತ್ತು.

"ಇವೇನು?" ಮರ್ನಾ ಟ್ರೆಂಟ್‌ನನ್ನು ಕೇಳಿದಳು.

"ಏಡ್ಸ್ ಬಂದಾಗ ಸತ್ತೋರ ಫೋಟೊ ಮೇಡಂ. ಟಿವಿ ಇರೋ ಗೋಡೆ ಮೇಲಿದ್ವು. ಹೊಸ ಕಟ್ಟು ಹಾಕ್ಸಿ ಜೂನ್‌ನಲ್ಲಿ ನಮ್ಮೋರ ಮೆರವಣಿಗೆ ದಿನ ಬಾಗ್ಲ ಎದುರಿಗೇ ಹಾಕೋಣ, ಹಳಬರಿಗೆ ಅಲ್ಲೀವರ್ಗೂ ಗುಟ್ಟಾಗಿರ್ಲಿ ಅಂತಿದ್ದೆ." ಟ್ರೆಂಟ್‌ಗೆ ಅಳು ಒತ್ತರಿಸಿ ಬಂತು. "ಒಂದೂ ಉಳೀಲಿಲ್ಲ."

ಸಂಜೆ ನಾಲ್ಕಕ್ಕೆ ಗ್ಯಾರಿಯ ವಿಚಾರಣೆ.

"ಬೆಳಗ್ಗೆ ಆರಕ್ಕೆ ಎಲ್ಲಿದ್ದೆ?"

"ಮಲಗಿದ್ದೆ. ಒಬ್ನೇ."

"ನೋಡಿದೋರು?"

"ಯಾರಿಲ್ಲ. ನೋಡಿ, ನಾನು ಹಚ್ಚೋದಾಗಿದ್ರೆ ಮುಂಬಾಗ್ಲಲ್ಲೇ ಹಚ್ತಿದ್ದೆ. ಕದ್ದು ಹಿಂದಿನ ಓಣಿಲಿ ನುಗ್ಗೋಕೆ ನಾನೇನು ಅವ್ರ ಪೈಕಿನಾ?"

ಮಾತು ನಂಜಿನದು. ಆದರೆ ಮರ್ನಾಳ ಕೈ ಬರೆಯುವುದನ್ನು ನಿಲ್ಲಿಸಿತು.

ಡಾಟಿಯ ಕಾಲದಲ್ಲಿ ಅವಳ ಅಪ್ಪನೂ ಇದೇ ಠಾಣೆಯ ಪೇದೆ. ಡಾಟೀಸ್ ಎದುರು ಜೀಪಿನಲ್ಲಿ ಕೂತು, ಮುಂದೆ ನಿಂತ ಕಾರುಗಳ ನಂಬರ್ ಬರೆದುಕೊಳ್ಳುವುದು ಆಗ ಅವನ ಡ್ಯೂಟಿ. ಮರುದಿನ ಕಾರಿನವನ ಕಾರ್ಖಾನೆಗೋ ಶಾಲೆಗೋ ಒಂದು ಫೋನ್ ಹೋಗುತ್ತಿತ್ತು, ಅವನ ಕೆಲಸವೂ ಹೋಗುತ್ತಿತ್ತು. ಹಾಗಾಗಿ ಹಳಬರು ಇವತ್ತಿಗೂ ಮೂರು ಬೀದಿ ಆಚೆ ದಿನಸಿ ಅಂಗಡಿಯ ಮುಂದೆ ಕಾರು ಬಿಟ್ಟು, ಓಣಿಯಲ್ಲಿ ನಡೆದು ಹಿಂಬಾಗಿಲಿಂದಲೇ ಬರುತ್ತಾರೆ. ಹುಡುಗರು ಅದನ್ನು ನೋಡಿ ನಗುತ್ತಾರೆ.

"ರೂಬೆನ್, ದಿನಸಿ ಅಂಗಡಿ ಕ್ಯಾಮೆರಾ ನೋಡ್ಕೊಂಡು ಬಾ."

ಅಂಗಡಿ ತೆರೆಯುವುದು ಏಳಕ್ಕೆ. ಆರಕ್ಕೇ ಅಲ್ಲೊಂದು ಹಳೆಯ ಬೂದು ಕಾರು ನಿಂತಿತ್ತು. ಇಳಿದವನು ವೆಂಡೆಲ್, ಎಪ್ಪತ್ತು ದಾಟಿದ ದರ್ಜಿ. ಡಾಟೀಸ್‌ನಲ್ಲಿ ಹೆಣ್ಣುವೇಷ ಕಟ್ಟಿ ಕುಣಿಯುವವರ ನಿಲುವಂಗಿಗಳನ್ನೆಲ್ಲ ಹೊಲಿದವನು. ಮರ್ನಾಳ ಮೊದಲ ಯೂನಿಫಾರ್ಮ್ ಅಳತೆಗೆ ಸರಿಮಾಡಿ ಕೊಟ್ಟವನೂ ಅವನೇ.

ಗ್ಯಾರಿಯನ್ನು ಬಿಡಲು ಹೇಳಿ ಅವಳು ವೆಂಡೆಲ್ ಮನೆಗೆ ಹೋದಳು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ.

"ಬಾ ಮಗಳೇ. ಗ್ಯಾರಿನ ಹಿಡಿದ್ರಂತೆ? ನಾನೇ ಬರೋಣ ಅಂತಿದ್ದೆ."

"ಯಾಕೆ ಹಚ್ಚಿದ್ರಿ?"

"ನನ್ನ ರಾಯ್ ಸತ್ತಾಗ ಅವರಪ್ಪ ನನ್ನ ಸ್ಮಶಾನದ ಗೇಟಿನೊಳಗೆ ಬಿಡ್ಲಿಲ್ಲ. ಅವರಮ್ಮ ನಮ್ಮ ಫೋಟೊ ಎಲ್ಲಾ ಒಲೆಗೆ ಹಾಕಿದ್ಲು. ಉಳಿದಿದ್ದು ಡಾಟಿ ಗೋಡೆ ಮೇಲಿಂದು ಒಂದೇ. ಅವತ್ತಿಂದ ಪ್ರತಿ ಶನಿವಾರ ಅದರ ಕೆಳಗೆ ಕೂತು ಒಂದು ಬಿಯರ್ ಕುಡೀತಿದ್ದೆ. ಮೊನ್ನೆ ನೋಡ್ತೀನಿ, ಅಲ್ಲಿ ಟಿವಿ. ಫೋಟೊ ಎಲ್ಲೋ ಅಂದ್ರೆ ಆ ಹುಡುಗ ಟ್ರೆಂಟ್ ನಗ್ತಾ ಹೇಳ್ದ, 'ಹಳೇ ಸಾಮಾನು ತಾತ, ಎತ್ತಿಸ್ಬಿಟ್ಟೆ' ಅಂತ. ರಾಯ್ ಅಪ್ಪ ಅಮ್ಮ ಮಾಡಿದ್ದು ಹೋಗ್ಲಿ, ಅವರು ಹೊರಗಿನೋರು. ಇವನು ನಮ್ಮೋನು ಕಣೇ!"

ಮುಂದಿನ ವಿಷಯ ಕೋರ್ಟಿನಲ್ಲಿ ಸರ್ಕಾರಿ ವಕೀಲನ ಬಾಯಿಂದ ಅವನ ಕಿವಿಗೆ ಬೀಳುವುದು ಬೇಡವೆಂದು ಮರ್ನಾ ತಾನೇ ಹೇಳಿದಳು. ಫೋಟೊಗಳು ಉಗ್ರಾಣದಲ್ಲಿದ್ದವು. ಹೊಸ ಕಟ್ಟಿಗೆ ಕಾಯುತ್ತಿದ್ದವು.

ವೆಂಡೆಲ್ ತನ್ನ ಕೈಗಳನ್ನು ನೋಡಿಕೊಂಡ.

"ರಾಯ್‌ದೂ?"

"ಎಲ್ಲಾರದೂ."

ಜೀಪಿನಲ್ಲಿ ಅವನು ಕೇಳಿದ್ದು ಒಂದೇ ಮಾತು. "ಠಾಣೆ ಹತ್ರ ಟಿವಿಯವರು ಇದ್ದಾರಾ?"

"ಇದ್ದಾರೆ. ಹಿಂದಿನ ಗೇಟಿಂದ ಹೋಗೋಣ ಬಿಡಿ."

"ಬೇಡ. ಮುಂದಿನಿಂದಲೇ ಕರ್ಕೊಂಡು ಹೋಗು. ನನ್ನ ರಾಯ್ ಹೆಸರು ನಾಲ್ಕು ಜನರ ಮುಂದೆ ಒಂದ್ಸಲನಾದ್ರೂ ಹೇಳ್ಬೇಕು."

ಜೀಪು ನಿಂತಾಗ ಮೆಟ್ಟಿಲ ಮೇಲೆ ನರಪಿಳ್ಳೆ ಇರಲಿಲ್ಲ. ಟಿವಿಯವರೆಲ್ಲ ಬಿಡುಗಡೆಯಾದ ಗ್ಯಾರಿಯ ಹಿಂದೆ ಟೈರ್ ಅಂಗಡಿಗೆ ಓಡಿದ್ದರು. ವೆಂಡೆಲ್ ಸುತ್ತ ನೋಡಿದ. ಆಮೇಲೆ ಕೋಳ ತೊಟ್ಟ ಕೈಯಿಂದಲೇ ಕಾಲರ್ ಸರಿಮಾಡಿಕೊಂಡು, "ರಾಯ್ ಡೊಂಬ್ರೌಸ್ಕಿ" ಎಂದು ಖಾಲಿ ಮೆಟ್ಟಿಲಿಗೆ ಹೇಳಿ ಒಳಗೆ ಹೋದ.